ಜಾನಪದ ಎಂದು ಬರೆದವನು

ಹಾಡು ಹಾಕಿದ್ದಕ್ಕೆ ದುಡ್ಡು ಕಟ್ಟಿ ಎಂದು ಕೇಳಲು ಹೋದವನನ್ನು ಬೆಂಗಳೂರಿನಲ್ಲಿ ಯಾರೂ ಕೂತ್ಕೊಳ್ಳಿ ಎನ್ನುವುದಿಲ್ಲ. ನೀರು ಬೇಕೇ ಎಂದಂತೂ ಕೇಳುವುದೇ ಇಲ್ಲ. ಹನ್ನೊಂದು ವರ್ಷ ಆ ಕೆಲಸ ಮಾಡಿದ ನನ್ನನ್ನು ಕೂರಿಸಿ, ನೀರು ಕೊಟ್ಟು, ಊಟಕ್ಕೂ ಹಾಕಿದ ಜಾಗ ಒಂದೇ ಒಂದು. ಪೀಣ್ಯದಲ್ಲಿ, ಲೇತ್ ಮಶೀನಿನ ಶೆಡ್ಡುಗಳ ನಡುವೆ ಇದ್ದ ಒಂದು ರೊಟ್ಟಿ ಖಾನಾವಳಿ. ಅದನ್ನು ನಡೆಸುತ್ತಿದ್ದ ಹೆಂಗಸಿಗೆ ನಾನು ಮಾಡಿದ ಅನ್ಯಾಯವನ್ನು ಬರೆಯಬೇಕೆಂದು ಕೂತಿದ್ದೇನೆ. ಬೈಸಿಕೊಂಡ ಜಾಗಗಳೆಲ್ಲ ಮರೆತುಹೋಗಿವೆ. ಉಪ್ಪು ತಿಂದ ಮನೆ ಮರೆಯುತ್ತಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯವರಿಗೇ ಅದು ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಹಾಡು ಬರೆಯುವವರು, ರಾಗ ಹಾಕುವವರು ಸೇರಿ ಮಾಡಿಕೊಂಡ ಸೊಸೈಟಿಯೊಂದರಲ್ಲಿ ನಾನು ಫೀಲ್ಡಿನವನು. ಹೋಟೆಲು, ಜಿಮ್ಮು, ಬಟ್ಟೆ ಅಂಗಡಿ, ಮಾಲು, ಹೀಗೆ ವ್ಯಾಪಾರದ ಜಾಗದಲ್ಲಿ ಗಿರಾಕಿಗಳ ಕಿವಿಗೆ ಹಾಡು ಹಾಕುವವರು ವರ್ಷಕ್ಕೊಮ್ಮೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಆ ದುಡ್ಡೆಲ್ಲ ಒಂದು ಕಡೆ ಸೇರುತ್ತದೆ. ಯಾವ ಹಾಡು ಎಲ್ಲೆಲ್ಲಿ ಎಷ್ಟು ಸಲ ಕೇಳಿಸಿತು ಎಂದು ನೋಡಿ, ಅದನ್ನು ಬರೆದವರಿಗೂ ರಾಗ ಕಟ್ಟಿದವರಿಗೂ ಹಂಚುತ್ತಾರೆ. ಹಾಡಿನ ಹೆಸರಿನ ಮುಂದೆ ಅವರ ಹೆಸರೂ ಇರುವ ಪಟ್ಟಿಯೊಂದು ಪ್ರತಿ ಸದಸ್ಯರ ಮನೆಗೆ ಹೋಗುತ್ತದೆ. ದುಡ್ಡು ಬಸ್ ಚಾರ್ಜಿಗೆ ಸಾಲದಷ್ಟಿದ್ದರೂ ಆ ಪಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರನ್ನು ನಾನು ನೋಡಿದ್ದೇನೆ.

ಅದಕ್ಕೂ ಮೊದಲು ಜಾಲಹಳ್ಳಿಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಅಪ್ಪ ಅಲ್ಲಿಯ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನಾನು ಹುಟ್ಟಿ ಬೆಳೆದದ್ದೆಲ್ಲ ಕ್ವಾರ್ಟರ್ಸಿನಲ್ಲಿ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲು ಬಂತು, ನನ್ನ ಶಟರ್ ಇಳಿಯಿತು. ಹಾಡಿನ ಬಗ್ಗೆ ಬಲ್ಲವನೆಂದು ಪರಿಚಯದವರೊಬ್ಬರು ಸೊಸೈಟಿಗೆ ಸೇರಿಸಿದರು. ಬಲ್ಲವನೆಂಬ ಜಂಬ ನನಗೂ ಇತ್ತು. ಕೋಪ ಮೂಗಿನ ತುದಿಯಲ್ಲೇ ಇತ್ತು. ಈ ಎರಡೂ ಒಂದೇ ತಲೆಯಲ್ಲಿದ್ದರೆ ಕಿವಿ ಕೆಲಸ ಮಾಡುವುದಿಲ್ಲ ಎಂಬುದು ತಡವಾಗಿ ಗೊತ್ತಾಯಿತು.

ಜನ ಹೇಳುತ್ತಿದ್ದ ನೆಪಗಳನ್ನು ಬರೆದಿಟ್ಟಿದ್ದರೆ ಅದೇ ಒಂದು ಪುಸ್ತಕವಾಗುತ್ತಿತ್ತು. ಮಾರತ್ತಹಳ್ಳಿಯ ಜಿಮ್ಮಿನವನು, "ಸಾರ್, ಹಾಡು ನಾನೆಲ್ಲಿ ಹಾಕಿದೀನಿ? ಪಕ್ಕದ ಪಿ.ಜಿ. ಹುಡುಗ್ರು ಹಾಕೋದು ಗೋಡೆ ದಾಟಿ ಬರುತ್ತೆ" ಎಂದ. ಅವನ ತಲೆಯ ಮೇಲೆಯೇ ಸ್ಪೀಕರ್ ಗುಡುಗುತ್ತಿತ್ತು. ಹಲ್ಲಿನ ಡಾಕ್ಟರೊಬ್ಬರು, ಮಶೀನಿನ ಸದ್ದು ಕೇಳಿ ಪೇಷಂಟು ಓಡಿಹೋಗದಿರಲಿ ಎಂದು ಹಾಡು ಹಾಕುವುದು, ಇದು ಮನರಂಜನೆಯಲ್ಲ, ಚಿಕಿತ್ಸೆ ಎಂದರು. "ಹಾಡಿದಾಗ್ಲೇ ಅವರಿಗೆ ದುಡ್ಡು ಕೊಟ್ಟಾಯ್ತಲ್ಲ, ಇನ್ನೆಷ್ಟು ಸಲ ಸಾರ್?" ಎಂಬುದು ಎಲ್ಲರ ಮಾತು. ಹಾಡು ಬರೆದವನು ಒಬ್ಬನಿರುತ್ತಾನೆ ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಅದನ್ನು ಅವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಆದರೆ ನನ್ನ ಕೈ ಮಾಡುತ್ತಿದ್ದದ್ದು ಬೇರೆ.

ಕೈ ಮಾಡುತ್ತಿದ್ದದ್ದು ಶೀಟು ತುಂಬಿಸುವ ಕೆಲಸ. ಒಂದೊಂದು ಜಾಗದಲ್ಲಿ ಒಂದು ಗಂಟೆ ಕೂತು, ಅಲ್ಲಿ ಕೇಳಿಸಿದ ಹಾಡುಗಳನ್ನು ಶೀಟಿನಲ್ಲಿ ಬರೆಯಬೇಕು. ಮೊದಲ ಕಾಲಮ್ಮು ಹಾಡಿನದು, ಎರಡನೆಯದು ಸಾಹಿತ್ಯ ಯಾರದೆಂದು, ಮೂರನೆಯದು ಸಂಗೀತ ಯಾರದೆಂದು. ಯಾರೆಂದು ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಬರೆಯಬೇಕು. ಆದರೆ ಗೊತ್ತಿಲ್ಲ ಎಂದು ಬರೆದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಬೇರೊಂದು ವಿಚಾರಣೆಯ ಹಾಳೆ ತುಂಬಿಸಬೇಕು, ಕ್ಯಾಸೆಟ್ ಹುಡುಕಬೇಕು, ನಾಲ್ಕು ಜನರನ್ನು ಕೇಳಬೇಕು. ಅದಕ್ಕೆ ನಮ್ಮ ಹಳಬರು ಒಂದು ದಾರಿ ಕಂಡುಕೊಂಡಿದ್ದರು. ಸೇರಿದ ವಾರದಲ್ಲೇ ಒಬ್ಬರು ನನಗೂ ಹೇಳಿಕೊಟ್ಟರು: "ಹಳ್ಳಿ ಥರ ಕೇಳಿಸ್ತಾ ಗುರು? ಜಾನಪದ ಅಂತ ಹಾಕ್ಬಿಡು, ಮನೆಗೆ ಹೋಗು."

ಜಾನಪದ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಊರೆಲ್ಲರ ಸ್ವತ್ತು, ಯಾರಿಗೂ ಪಾಲು ಕೊಡಬೇಕಾಗಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ಗೊತ್ತಿಲ್ಲ ಎಂದು ಬರೆಯಲಿಲ್ಲ. ಕ್ಯಾಸೆಟ್ ಮಾರಿದವನು, ಹಾಡು ಬಲ್ಲವನು, ಗೊತ್ತಿಲ್ಲ ಎನ್ನುವುದುಂಟೇ?

ಖಾನಾವಳಿಗೆ ಮೊದಲ ಸಲ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಗ್ರೀಸು ಮೆತ್ತಿದ ನೀಲಿ ಅಂಗಿಯ ಹುಡುಗರು, ಬಹುಪಾಲು ಉತ್ತರ ಕರ್ನಾಟಕದವರು, ಬೆಂಚುಗಳ ಮೇಲೆ ತಟ್ಟೆ ಹಿಡಿದು ಕೂತಿದ್ದರು. ಮೂಲೆಯಲ್ಲಿ ತಂತಿ ಕಟ್ಟಿದ ಸ್ಪೀಕರಿನಲ್ಲಿ ಹಾಡು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಹೆಂಗಸು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹುಡುಗರೆಲ್ಲ ಅವಳನ್ನು ಅಕ್ಕಾರ ಎನ್ನುತ್ತಿದ್ದರು. ನಾನು ಬ್ಯಾಗು ಇಳಿಸುವ ಮೊದಲೇ ಅವಳು ಕೇಳಿದಳು.

"ಬರ್ರಿ ಸಾಹೇಬ್ರ, ಕುಂಡರ್ರಿ. ಯಾವ ಊರ್ರಿ ನಿಮ್ದು?"

"ಇಲ್ಲೇ ಜಾಲಹಳ್ಳಿ."

"ಅದು ಇರೋ ಊರಾತು. ಹುಟ್ಟಿದ ಊರು?"

"ಅದೂ ಜಾಲಹಳ್ಳೀನೇ. ನಮ್ಮ ತಂದೆ ಫ್ಯಾಕ್ಟ್ರೀಲಿದ್ರು. ಕ್ವಾರ್ಟರ್ಸಲ್ಲೇ ಹುಟ್ಟಿದ್ದು."

"ಊರ ಇಲ್ಲದಾಂವ ಅಂದಂಗಾತು. ಪಾಪ!" ಎಂದು ನಗುತ್ತ, ನಾನು ಬೇಡ ಬೇಡ ಎನ್ನುತ್ತಿದ್ದರೂ ತಟ್ಟೆಗೆ ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಹಾಕಿದಳು. ತಿಂದೆ. ತಿಂದು ಕೈ ತೊಳೆದು ಲೈಸೆನ್ಸಿನ ಮಾತೆತ್ತಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಒಂದು ಹಾಡು ಶುರುವಾಯಿತು. ಹೆಂಗಸರ ಗುಂಪು ಹಾಡಿದ ಹಳೆಯ ಹಾಡು:

ಹಂಚು ಕಾದೈತಿ, ಹಿಟ್ಟು ಹದಕ ಬಂದೈತಿ,
ಉಣ್ಣಾಂವ ಎಲ್ಲಿ ಕುಂತಾನ?

ನನ್ನ ಅಂಗಡಿಯಲ್ಲೂ ಆ ಕ್ಯಾಸೆಟ್ ಇತ್ತು. ಒಳಗಿನ ಚೀಟಿಯಲ್ಲಿ ಸಾಹಿತ್ಯ, ಸಂಗೀತ ಎರಡಕ್ಕೂ ಜಾನಪದ ಎಂದೇ ಅಚ್ಚಾಗಿತ್ತು. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಈ ಹಾಡ ನಾ ಕಟ್ಟಿದ್ದೈತ್ರಿ. ನನ್ನ ಹಾಡಿಗೆ ನಾನ ರೊಕ್ಕ ಕಟ್ಟಬೇಕೇನ್ರಿ?"

ಹುಡುಗರು ಗೊಳ್ಳೆಂದು ನಕ್ಕರು. ಅವರು ನಕ್ಕದ್ದು ನನ್ನನ್ನು ನೋಡಿಯೇ ಎಂದು ನನಗೆ ಸಿಟ್ಟು ಬಂತು.

"ಎಲ್ಲರೂ ಹೀಗೇ ಹೇಳ್ತಾರಮ್ಮ. ಮೊನ್ನೆ ಒಬ್ಬರು, ಹಾಡಿರೋನು ನಮ್ಮ ಷಡ್ಡಕ ಅಂದ್ರು. ಕಟ್ಟಿಬಿಡಿ, ಸುಮ್ನೆ ಯಾಕೆ?"

ಅವಳು ವಾದ ಮಾಡಲಿಲ್ಲ. ಗಲ್ಲಾ ಡಬ್ಬಿ ತೆಗೆದು, ಸಣ್ಣ ಹೋಟೆಲಿಗೆಂದು ಇದ್ದ ಲೈಸೆನ್ಸಿನ ಮೊತ್ತವನ್ನು ಎಣಿಸಿ ಕೊಟ್ಟಳು. ನಾನು ರಸೀದಿ ಹರಿದೆ. ಆಮೇಲೆ ಅವಳ ಕಣ್ಣೆದುರಿಗೇ ಶೀಟು ಬಿಚ್ಚಿ ಆ ಹಾಡಿನ ಮುಂದೆ ಜಾನಪದ, ಜಾನಪದ ಎಂದು ಎರಡು ಸಲ ಬರೆದೆ. ಅವಳಿಗೆ ಓದಲು ಬರುತ್ತಿತ್ತು. ಆಚೆ ಬದಿಯಿಂದ ಓದಿದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಎಂಟು ವರ್ಷ, ವರ್ಷಕ್ಕೆ ಎರಡು ಮೂರು ಸಲ ಹೋದೆ. ಪ್ರತಿ ಸಲ ಊಟ, ಪ್ರತಿ ಸಲ ಅದೇ ಹಾಡು, ಶೀಟಿನಲ್ಲಿ ಅದೇ ಪದ. ಬಿಡುವಿದ್ದಾಗ ಅವಳು ಹಾಡಿನ ಕತೆಯನ್ನೂ ಹೇಳಿದ್ದಳು. ತುಂಬಿದ ಮನೆಗೆ ಸೊಸೆಯಾಗಿ ಹೋದವಳು ದಿನಕ್ಕೆ ಎಂಬತ್ತು ರೊಟ್ಟಿ ಬಡಿಯಬೇಕಿತ್ತು. ಗಂಡ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತ ಕೂತು ಎಲ್ಲರ ಊಟವಾದ ಮೇಲೆ ಬರುತ್ತಿದ್ದ. ಬೈದರೆ ಅತ್ತೆ ಬೈಯುತ್ತಾಳೆ. ಅದಕ್ಕೆ ಹಾಡು ಕಟ್ಟಿ ಬೈದಳು. ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರಿಗೆ ಅದನ್ನೇ ಹಾಡತೊಡಗಿದರು. ಕ್ಯಾಸೆಟ್ಟಿನವನೊಬ್ಬ ಬಂದು, ಹಾಡಿಸಿ, ಹಾಡಿದವರಿಗೆ ಒಂದೊಂದು ಸೀರೆ ಕೊಟ್ಟು ಹೋದ. ಆಮೇಲೆ ಗಂಡನಿಗೆ ಪೀಣ್ಯದ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದರು, ಆ ಕೆಲಸ ಹೋದ ಮೇಲೆ ಖಾನಾವಳಿ ಹಾಕಿದರು. ಆ ಗಂಡನನ್ನೂ ನಾನು ನೋಡಿದ್ದೇನೆ. ತರಕಾರಿ ತರಲು ಯಶವಂತಪುರದ ಮಾರ್ಕೆಟ್ಟಿಗೆ ಹೋದವನು ಹುಡುಗರ ಊಟ ಮುಗಿದ ಮೇಲೇ ಬರುತ್ತಿದ್ದ. "ಹಾಡಿನಾಗಿನ ಮನಶ್ಯಾ ಇಂವನ ನೋಡ್ರಿ" ಎಂದು ಅವಳು ತೋರಿಸಿದರೆ ಆತ ನಾಚಿಕೊಂಡು ಚೀಲ ಇಳಿಸುತ್ತಿದ್ದ. ನಾನೂ ನಗುತ್ತಿದ್ದೆ. ಒಳ್ಳೆಯ ಕತೆ ಕಟ್ಟುತ್ತಾಳೆ ಎಂದುಕೊಂಡೇ ನಗುತ್ತಿದ್ದೆ.

ಒಂದು ನವೆಂಬರಿನಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದಕ್ಕೆ ರಾಜ್ಯೋತ್ಸವದ ಶೀಟು ಮಾಡಲು ಹೋಗಿದ್ದೆ. ಮಧ್ಯಾಹ್ನ, ಊಟದ ಬಿಡುವಿನಲ್ಲಿ ಕಾರ್ಯಕ್ರಮ. ಕೊರಳಿಗೆ ಐ.ಡಿ. ಕಾರ್ಡು, ಅದರ ಮೇಲೆ ಹಳದಿ ಕೆಂಪು ಶಾಲು ಹಾಕಿಕೊಂಡ ಹುಡುಗ ಹುಡುಗಿಯರು ಅಂಗಳದಲ್ಲಿ ಕುಣಿಯುತ್ತಿದ್ದರು. ಡಿ.ಜೆ. ಹಾಕಿದ್ದು ‘ಉಣ್ಣಾಂವ ಎಲ್ಲಿ ಕುಂತಾನ.’ ಯಾರೋ ಹೊಸ ಹುಡುಗ ಡೋಲು, ಕೀಬೋರ್ಡು ಸೇರಿಸಿ ರೀಮಿಕ್ಸ್ ಮಾಡಿದ್ದ. ಆ ವರ್ಷ ಅದು ಎಲ್ಲರ ಮೊಬೈಲಿನಲ್ಲೂ ಇತ್ತು. ಎರಡು ಸಾಲು ಮುಗಿದ ಮೇಲೆ ಅದರಲ್ಲಿ ಒಂದು ತಡೆ ಬರುತ್ತದೆ. ಎಲ್ಲ ವಾದ್ಯ ನಿಂತು, ಒಂದು ಉಸಿರು ಮೌನ. ಕುಣಿಯುವವರೆಲ್ಲ ಕೈ ಮೇಲೆತ್ತಿ ಹಾಗೇ ನಿಂತು, ಹಾಡು ಮತ್ತೆ ಹೊರಟಾಗ ಒಟ್ಟಿಗೆ ಹಾರುತ್ತಿದ್ದರು.

ಆ ತಡೆ ಹಳೆಯ ಕ್ಯಾಸೆಟ್ಟಿನಲ್ಲೂ ಇತ್ತು. ಹಾಡಲು ತಿಳಿಯದೆ ಉಸಿರು ಎಳೆದುಕೊಂಡಿದ್ದಾರೆ ಎಂದು ಆಗ ಅಂದುಕೊಂಡಿದ್ದೆ. ಅಂಗಳದ ಕಟ್ಟೆಯ ಮೇಲೆ ಶೀಟು ಇಟ್ಟುಕೊಂಡು ಕೂತವನಿಗೆ ಇದ್ದಕ್ಕಿದ್ದಂತೆ ಖಾನಾವಳಿಯ ಒಲೆ ನೆನಪಾಯಿತು. ಮರುದಿನವೇ ಪೀಣ್ಯಕ್ಕೆ ಹೋದೆ.

"ಅಕ್ಕ, ಆ ಹಾಡು ಒಂದ್ಸಲ ಹೇಳಿ. ರೊಟ್ಟಿ ಬಡೀತಾನೇ ಹೇಳಿ" ಎಂದೆ.

ಅವಳು ಹಾಡಿದಳು. ಎರಡು ಬಡಿತ, ಒಂದು ತಿರುವು. ಎರಡು ಬಡಿತ, ಒಂದು ತಿರುವು. ‘ಎಲ್ಲಿ ಕುಂತಾನ’ ಎಂಬಲ್ಲಿಗೆ ರೊಟ್ಟಿ ಅಗಲವಾಗಿ ಮುಗಿದಿತ್ತು. ಹಾಡು ನಿಲ್ಲಿಸಿದಳು. ಎರಡೂ ಕೈಯಲ್ಲಿ ರೊಟ್ಟಿ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೈ ಸವರಿದಳು. ಆಮೇಲೆ ಮುಂದಿನ ಸಾಲು. ವೈಟ್‌ಫೀಲ್ಡಿನಲ್ಲಿ ಐನೂರು ಜನ ಕೈ ಎತ್ತಿ ನಿಂತದ್ದು ಇವಳು ರೊಟ್ಟಿಗೆ ನೀರು ಸವರುವಷ್ಟು ಹೊತ್ತು. ಹಾಡು ಕಟ್ಟಿದವಳು ಇವಳೇ ಎಂದು ನನಗೆ ಆಗ ಅನುಮಾನ ಉಳಿಯಲಿಲ್ಲ. ಎಂಟು ವರ್ಷ ಒಲೆಯ ಮುಂದೆ ಕೂತು ತಿಂದಿದ್ದೆ. ಕಣ್ಣು ತಟ್ಟೆಯ ಮೇಲೇ ಇತ್ತು.

ಸೊಸೈಟಿಗೆ ಸದಸ್ಯಳಾಗಬಹುದು, ಹಾಡು ನೋಂದಾಯಿಸಬಹುದು, ದುಡ್ಡೂ ಬರಬಹುದು ಎಂದು ವಿವರಿಸಿದೆ.

"ರೊಕ್ಕ ಬರ್ಲಿ ಬಿಡ್ಲಿ, ಹೆಸರು ಬರತೈತೇನ್ರಿ? ಮೊಬೈಲ್ದಾಗ?" ಎಂದಳು.

"ಬರುತ್ತೆ. ಎಲ್ಲ ಕಡೆ ಬರುತ್ತೆ."

ಆಗ ಮಗಳ ವಿಷಯ ಹೇಳಿದಳು. ಒಬ್ಬಳೇ ಮಗಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಈ ಹಾಡು ಹೆಸರಾದ ಮೇಲೆ, ನಮ್ಮ ಅವ್ವ ಕಟ್ಟಿದ್ದು ಎಂದು ಗೆಳತಿಯರ ಮುಂದೆ ಹೇಳಿಕೊಂಡಳಂತೆ. ಗೆಳತಿಯರು ಮೊಬೈಲು ತೆಗೆದು ತೋರಿಸಿದರಂತೆ: ಸಾಹಿತ್ಯ, ಜಾನಪದ. "ಮಂದ್ಯಾಗ ನನ್ನ ಮಾನ ಕಳದಿ, ಇಷ್ಟ ವರ್ಷ ಸುಳ್ಳ ಹೇಳಿದಿ ಅಂತ ಅತ್ತಳ್ರಿ. ಮನಿಗೆ ಬಂದ್ರ ಈಗ ನನ್ನ ಜೋಡಿ ಮಾತು ಕಡಿಮಿ. ಆಕಿಗೆ ತೋರಸಾಕರ ಹೆಸರೊಂದು ಬರ್ಲ್ರಿ ಸಾಹೇಬ್ರ."

ಫಾರಂ ತೆಗೆದೆ. ಮೊದಲ ಸಾಲಿನಲ್ಲಿ ಹೆಸರನ್ನು ಅವಳೇ ಬರೆದಳು. ವಿಳಾಸದ ಸಾಲಿನಲ್ಲಿ ನಾನು ಖಾನಾವಳಿಯ ವಿಳಾಸ ಬರೆದೆ. ಕೆಳಗೆ ಸಹಿ ಹಾಕಿದಳು. ಹಾಡು ನಿಮ್ಮದೇ ಎನ್ನಲು ಏನಾದರೂ ಗುರುತು ಇದೆಯೇ ಎಂದು ಕೇಳಿದಾಗ, ಕೊನೆಗೊಂದು ನುಡಿ ಇದೆ, ಕ್ಯಾಸೆಟ್ಟಿನಲ್ಲಿಲ್ಲ ಎಂದಳು. ಅದರಲ್ಲಿ ತನ್ನ ಊರಿನ ಹೆಸರು, ಅಲ್ಲಿಯ ಹಳ್ಳದ ಹೆಸರು ಬರುವುದರಿಂದ ಬೇರೆ ಊರಿನವರು ಕೊಳ್ಳುವುದಿಲ್ಲವೆಂದು ಕ್ಯಾಸೆಟ್ಟಿನವನು ಬಿಡಿಸಿದ್ದನಂತೆ. ಹಾಡಿ ತೋರಿಸಿದಳು. ಮೂರು ಸಾಲು. ಚೆನ್ನಾಗಿತ್ತು.

"ಬರಕೊಳ್ರಿ" ಎಂದಳು.

ನನ್ನ ಬಲಗೈ ತುಂಬ ಎಣಗಾಯಿ. "ಮುಂದಿನ ಸಲ ಬಂದಾಗ ಬರ್ಕೊಳ್ತೀನಿ ಅಕ್ಕ, ಅದೆಲ್ಲಿ ಹೋಗುತ್ತೆ" ಎಂದೆ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಆಫೀಸಿನಲ್ಲಿ ಫಾರಂ ಕೊಟ್ಟಾಗ ಮೇಲಿನವರು ಓದಿ, ಕಂಪ್ಯೂಟರಿನಲ್ಲಿ ಏನೋ ನೋಡಿ, ಕನ್ನಡಕ ತೆಗೆದು ಕೆಳಗಿಟ್ಟರು. ಹಾಡು ಜಾನಪದವೆಂದೇ ದಾಖಲಾಗಿತ್ತು. ಜಾನಪದವನ್ನು ಹೊಸದಾಗಿ ಜೋಡಿಸಿದವನೆಂದು ರೀಮಿಕ್ಸ್ ಹುಡುಗನಿಗೆ ಪಾಲು ಹೋಗುತ್ತಿತ್ತು. ಆ ಹುಡುಗನದೇನೂ ತಪ್ಪಿಲ್ಲ. ಅವನು ಕೇಳಿದಾಗ ದಾಖಲೆ ನೋಡಿ ಜಾನಪದ ಎಂದು ಹೇಳಿದವರು ನಾವು. ಆ ದಾಖಲೆ ಎಲ್ಲಿಂದ ಬಂತೆಂದು ಮೇಲಿನವರು ಪರದೆ ತಿರುಗಿಸಿ ತೋರಿಸಿದರು. ಸ್ಕ್ಯಾನ್ ಮಾಡಿದ ಶೀಟುಗಳು, ಸಾಲಾಗಿ ಎಂಟು ವರ್ಷದ್ದು. ಗುಂಡಗಿನ ಅಕ್ಷರ, ಎಲ್ಲವೂ ನನ್ನದು.

"ನಿನ್ನ ಕೈಬರಹನೇ ಕಣಯ್ಯ. ಅವಳ ಹೋಟ್ಲಲ್ಲೇ ಕೂತು ಬರ್ದಿದೀಯಾ. ಈಗ ನೀನೇ ಬಂದು ಇಲ್ಲ ಅಂದ್ರೆ, ಉಳಿದ ಶೀಟೆಲ್ಲ ನಿಜಾನಾ ಅಂತ ಕೇಳಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಮುಟ್ಟಿ ನೋಡಿಕೊಂಡೆ. ಎಷ್ಟು ಹಾಡುಗಳ ಮುಂದೆ ಆ ಪದ ಬರೆದಿದ್ದೇನೆಂದು ನನಗೇ ಲೆಕ್ಕವಿರಲಿಲ್ಲ. ಕೆಲಸದ ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಶೀಟು ತಪ್ಪು ಸಾರ್, ನಾನು ಸೋಮಾರಿತನಕ್ಕೆ ಬರೆದದ್ದು ಎನ್ನಬೇಕಿತ್ತು. "ಹಾಗಾದ್ರೆ ಇನ್ನೊಂದಿಷ್ಟು ದಾಖಲೆ ಸೇರಿಸಿ ಕೊಡ್ತೀನಿ ಸಾರ್" ಎಂದು ಫಾರಂ ವಾಪಸು ತೆಗೆದುಕೊಂಡೆ. ಅದು ನನ್ನ ಬ್ಯಾಗಿನ ಪಕ್ಕದ ಜೇಬಿಗೆ ಹೋಯಿತು.

ಆಮೇಲೆ ಒಂದೂವರೆ ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ. "ಹೆಸರು ಬಂತೇನ್ರಿ?" ಎಂದರೆ "ನಡೀತಾ ಇದೆ ಅಕ್ಕ." "ಯಾವಾಗ ಬರತೈತ್ರಿ?" ಎಂದರೆ "ಮೇಲಿನೋರು ನೋಡ್ತಾ ಇದಾರೆ." ಆ ನುಡಿಯನ್ನು ಬರೆದುಕೊಳ್ಳುವ ಮಾತನ್ನು ನಾನೂ ಎತ್ತಲಿಲ್ಲ. ಬರೆದುಕೊಂಡರೆ ಫಾರಂ ಕೊಡಬೇಕಾಗುತ್ತದೆ, ಕೊಟ್ಟರೆ ಶೀಟುಗಳ ಮಾತು ಬರುತ್ತದೆ. ಅಷ್ಟು ಹೇಡಿ ನಾನೆಂದು ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಹೋದಾಗ ಮಗಳು ಬಂದಿದ್ದಳು. ತಾಯಿಯ ಹಾಗೇ ಅಗಲ ಹಣೆ. ಬೆಂಚಿನ ತುದಿಯಲ್ಲಿ ಮೊಬೈಲು ನೋಡುತ್ತ ಕೂತಿದ್ದಳು. ನನ್ನನ್ನು ನೋಡಿದ್ದೇ ತಾಯಿಗೆ ಹುರುಪು ಬಂತು.

"ನೋಡವ್ವ, ಸಾಹೇಬ್ರು ಬಂದ್ರು. ಇವರನ್ನ ಕೇಳು."

ಮಗಳು ಎದ್ದು ನಿಂತು ಮರ್ಯಾದೆಯಿಂದಲೇ ಕೇಳಿದಳು. "ಸರ್, ಖರೇನ ಇದು ನಮ್ಮವ್ವ ಕಟ್ಟಿದ ಹಾಡೇನ್ರಿ?"

ಹೌದು ಎನ್ನಬೇಕಿತ್ತು. ಒಂದು ಪದ. ಅದಕ್ಕೆ ಫಾರಂ ಬೇಕಿರಲಿಲ್ಲ, ಸಾಕ್ಷಿ ಬೇಕಿರಲಿಲ್ಲ, ಮೇಲಿನವರ ಅಪ್ಪಣೆ ಬೇಕಿರಲಿಲ್ಲ. ಆದರೆ ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಮೊಬೈಲಿನಲ್ಲಿ ಜಾನಪದ ಎಂದು ಯಾಕಿದೆ, ಅದನ್ನು ಬರೆದವರು ಯಾರು? ನನ್ನ ಬಾಯಿಂದ ಬಂದದ್ದು ಆಫೀಸಿನ ಭಾಷೆ.

"ಅದು ಇನ್ನೂ ಪರಿಶೀಲನೆಯಲ್ಲಿದೆಯಮ್ಮ."

ಹುಡುಗಿ ತಲೆಯಾಡಿಸಿ ಕೂತು ಮತ್ತೆ ಮೊಬೈಲು ನೋಡತೊಡಗಿದಳು. ತಾಯಿ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು, ಜಗಳವಾಗಿ, ನಿಜ ಹೊರಬೀಳುತ್ತಿತ್ತೇನೋ. ಒಲೆಯ ಕಡೆ ತಿರುಗಿ ರೊಟ್ಟಿ ಬಡಿದಳು. ನನ್ನ ತಟ್ಟೆಗೂ ಹಾಕಿದಳು. ಅವತ್ತು ಹೆಸರು ಬಂತೇ ಎಂದು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಮುಖ ತೋರಿಸಲಾಗದೆ ಆರು ತಿಂಗಳು ಆ ಕಡೆ ಹೋಗಲಿಲ್ಲ. ಅಷ್ಟರಲ್ಲಿ ಶೀಟು ಬರೆಯುವುದು ನಿಂತು ಮೊಬೈಲಿನ ಆ್ಯಪ್ ಬಂತು. ಸ್ಪೀಕರಿನ ಕಡೆ ಹಿಡಿದರೆ ಅದು ತಾನೇ ಹಾಡನ್ನು ಗುರುತಿಸಿ ಎಲ್ಲ ವಿವರ ಹೇಳುತ್ತದೆ. ಮೊದಲ ದಿನವೇ ಹೋಟೆಲೊಂದರಲ್ಲಿ ಈ ಹಾಡು ಬಂತು. ಹಿಡಿದೆ. ರೀಮಿಕ್ಸ್ ಹುಡುಗನ ಹೆಸರು, ಅದರ ಕೆಳಗೆ ಸಾಹಿತ್ಯ: ಜಾನಪದ. ಆ್ಯಪಿಗೆ ಆ ಪದ ಕಲಿಸಿದ್ದು ನನ್ನ ಶೀಟುಗಳು. ನಾನು ಸತ್ತ ಮೇಲೂ ಅದು ಹಾಗೇ ಹೇಳುತ್ತಿರುತ್ತದೆ ಎನಿಸಿತು. ಏನಾದರಾಗಲಿ ಎಂದು ಮರುದಿನ ಪೆನ್ನು, ಹಾಳೆ ಹಿಡಿದು ಪೀಣ್ಯಕ್ಕೆ ಹೋದೆ.

ಖಾನಾವಳಿ ಇದ್ದ ಜಾಗದಲ್ಲಿ ಬ್ಯಾಟರಿ ಸ್ಕೂಟರಿನ ಶೋರೂಮು ಇತ್ತು. ಗಾಜಿನ ಬಾಗಿಲು, ಎ.ಸಿ. ಪಕ್ಕದ ಶೆಡ್ಡಿನವರನ್ನು ಕೇಳಿದೆ.

"ಓನರ್ರು ಜಾಗ ಮಾರ್ಬಿಟ್ರು ಸಾರ್. ಅಕ್ಕ ಹೋಗಿ ನಾಲ್ಕು ತಿಂಗಳಾಯ್ತು, ಊರ್ ಕಡೆ ಹೋಗ್ತೀವಿ ಅಂದ್ರು. ನಮಗೇ ಊಟಕ್ಕೆ ತೊಂದ್ರೆ ಆಗ್ಬಿಟ್ಟಿದೆ."

ಫಾರಮಿನಲ್ಲಿದ್ದ ಫೋನ್ ನಂಬರಿಗೆ ಮಾಡಿದೆ. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದಿತು.

ಕೆಲಸ ಬಿಟ್ಟ ವಾರವೇ ಸೊಸೈಟಿಗೆ ಒಂದು ಕಾಗದ ಬರೆದೆ. ಆ ಹಾಡಿನ ಮುಂದೆ ಜಾನಪದ ಎಂದು ಬರೆದದ್ದು ವಿಚಾರಿಸದೆ ಬರೆದದ್ದು, ಅದನ್ನು ಕಟ್ಟಿದಾಕೆ ಇಂಥವಳು ಎಂದು ಹೆಸರು ಸಮೇತ ಬರೆದು, ಹಳೆಯ ಫಾರಂ ಲಗತ್ತಿಸಿ ಸಹಿ ಹಾಕಿದೆ. ಪಿಂಚಣಿಯಿಲ್ಲದ ಕೆಲಸ, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಆ ಧೈರ್ಯಕ್ಕೆ ಬೆಲೆಯಿಲ್ಲವೆಂದು ಬಲ್ಲೆ. ಅವರು ಮರ್ಯಾದೆಯಿಂದ ಉತ್ತರ ಬರೆದರು. ಅರ್ಜಿದಾರರೇ ಖುದ್ದಾಗಿ ಬರಬೇಕು, ಗುರುತಿನ ಚೀಟಿ ತೋರಿಸಬೇಕು, ಹಾಡಿನ ಪೂರ್ಣ ಪಾಠ ಕೊಡಬೇಕು. ಫಾರಮನ್ನೂ ವಾಪಸು ಕಳಿಸಿದ್ದರು.

ಪೂರ್ಣ ಪಾಠ ನನ್ನಲ್ಲಿಲ್ಲ. ಆ ಕೊನೆಯ ಮೂರು ಸಾಲಿನಲ್ಲಿ ಒಂದು ಹಳ್ಳ ಬರುತ್ತಿತ್ತು, ಅದರ ದಂಡೆಯ ಮೇಲೊಂದು ಊರು ಬರುತ್ತಿತ್ತು ಎಂಬುದಷ್ಟೇ ನೆನಪು. ಹಳ್ಳದ ಹೆಸರಾಗಲಿ ಊರಿನ ಹೆಸರಾಗಲಿ ಎಷ್ಟು ತಿಣುಕಿದರೂ ಬರುತ್ತಿಲ್ಲ. ಎಣಗಾಯಿಯ ರುಚಿ ಮಾತ್ರ ಸ್ಪಷ್ಟವಾಗಿ ನೆನಪಿದೆ, ದರಿದ್ರ ನಾಲಿಗೆ.

ಈಗ ವಾರಕ್ಕೊಂದು ದಿನ ಬಸ್ ಪಾಸು ಮಾಡಿಸಿಕೊಂಡು ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ರೊಟ್ಟಿ ಖಾನಾವಳಿಗಳನ್ನು ಸುತ್ತುತ್ತೇನೆ. ಅವಳನ್ನು ಬಲ್ಲವರು, ಇಲ್ಲವೇ ಆ ನುಡಿಯನ್ನು ಬಲ್ಲವರು ಯಾರಾದರೂ ಸಿಕ್ಕಾರೆಂದು ಆಸೆ. ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ಓಣಿಯಲ್ಲಿ ಹೊಸದೊಂದು ಖಾನಾವಳಿ ಕಂಡು ಒಳಗೆ ಹೋದೆ. ಒಲೆಯ ಮುಂದೆ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿಯುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅದೇ ಹಾಡು. ಎರಡು ಬಡಿತ, ಒಂದು ತಿರುವು, ಆಮೇಲೆ ಆ ತಡೆ, ಒದ್ದೆ ಬಟ್ಟೆ.

"ಕೊನೇಲಿ ಇನ್ನೊಂದು ನುಡಿ ಇದೆಯಲ್ಲಮ್ಮ, ಅದು ಬರುತ್ತಾ ನಿ‌ನಗೆ?" ಎಂದು ಕೇಳಿದೆ.

"ಇಲ್ರಿ ಕಾಕಾ, ಇಷ್ಟ ಐತ್ರಿ ಅದು."

"ಇದನ್ನ ಕಟ್ಟಿದ್ದು ಯಾರು ಗೊತ್ತಾ?"

"ಯಾರ ಕಟ್ಟಿದ್ದೂ ಅಲ್ರಿ, ಜಾನಪದ ಐತ್ರಿ. ಮೊಬೈಲ್ದಾಗ ಬರದೈತಲ್ರಿ" ಎಂದು ನಕ್ಕಳು.

"ಅಲ್ಲಮ್ಮ, ಅದು ತಪ್ಪು. ಅದನ್ನ ಬರೆದೋನು ನಾನೇ. ಹಾಡು ಕಟ್ಟಿದೋರು ನಿಮ್ಮ ಕಡೆಯ ಒಬ್ಬ ಹೆಣ್ಮಗಳು" ಎಂದು ಅವಳ ಹೆಸರು ಹೇಳಿದೆ. ಅಷ್ಟು ವರ್ಷದಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಹೆಣ್ಣುಮಗಳು ಬಡಿಯುವುದು ನಿಲ್ಲಿಸಿದಳು. ನನ್ನ ಮುಖ ನೋಡಿ, ಇದು ಹುಡುಗಾಟದ ಮಾತಲ್ಲ ಎಂದು ತಿಳಿದಳೆಂದು ಕಾಣುತ್ತದೆ.

"ಆ ಹೆಸರಿನಾಕಿ ನಮ್ಮ ಕಡಿ ಓಣಿಗೊಬ್ಬಾಕಿ ಅದಾಳ್ರಿ ಕಾಕಾ. ನಮ್ಮ ಅತ್ತಿ ಹೆಸರೂ ಅದ ಐತಿ. ಹೇಳ್ರಿ, ಕೇಳಿ ನೋಡೂನು. ಯಾವ ಊರಿನಾಕಿರಿ?"

ಮೊದಲ ದಿನ, ನಾನು ಬ್ಯಾಗು ಇಳಿಸುವ ಮೊದಲೇ ಪೀಣ್ಯದ ಅಕ್ಕ ನನ್ನನ್ನು ಇದೇ ಮಾತು ಕೇಳಿದ್ದಳು. ತಿರುಗಿ ನಾನು ಕೇಳಿರಲಿಲ್ಲ. ಲೈಸೆನ್ಸಿನ ಫಾರಮಿನಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಆ ಹೆಣ್ಣುಮಗಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತ್ತು.

"ಗೊತ್ತಿಲ್ಲ" ಎಂದೆ.